ಒಳಗಿವಿಗೆ ಸುಳ್ಳು ಹೇಳೋದು ಹೇಗೆ

ಕಳೆದ ವರ್ಷ ಅಕ್ಕನ ಮಗಳನ್ನು ಕರೆದುಕೊಂಡು ಒಂದು ಥೀಮ್ ಪಾರ್ಕಿಗೆ ಹೋಗಿದ್ದೆ. ಯಾವ ಪಾರ್ಕು ಅಂತ ಹೇಳುವುದಿಲ್ಲ, ಬೇಡ ಬಿಡಿ. ಅಲ್ಲೊಂದು ಸಿಮ್ಯುಲೇಟರ್ ರೈಡ್ ಇತ್ತು. ನಾಲ್ಕು ಸಾಲು ಸೀಟು, ಎದುರಿಗೆ ದೊಡ್ಡ ಪರದೆ. ಬೆಲ್ಟು ಹಾಕಿಕೊಂಡು ಕೂತರೆ ಒಂದು ಪುಟ್ಟ ವಿಮಾನ ನಮ್ಮನ್ನು ಹೊತ್ತುಕೊಂಡು ಕಣಿವೆಯೊಳಗೆ ನುಗ್ಗುತ್ತದೆ. ಇನ್ನೇನು ಬಂಡೆಗೆ ಬಡಿಯಿತು ಅನ್ನುವಾಗ ಎಡಕ್ಕೆ ವಾಲುತ್ತದೆ, ಆಮೇಲೆ ಜಲಪಾತದ ತುದಿಯಿಂದ ದಬಕ್ಕನೆ ಕೆಳಗೆ ಬೀಳುತ್ತದೆ. ನಾನು ಸೀಟಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು, ನಾಚಿಕೆ ಬಿಟ್ಟು ಕಿರುಚುತ್ತಿದ್ದೆ.

ಅಷ್ಟರಲ್ಲಿ ಪರದೆ ಆರಿಹೋಯಿತು. ಕೋಣೆಯ ಟ್ಯೂಬ್‌ಲೈಟುಗಳು ಹತ್ತಿಕೊಂಡವು. ಆದರೆ ಸೀಟುಗಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಅವು ತಮ್ಮ ಪಾಡಿಗೆ ಇನ್ನೂ ಅರ್ಧ ನಿಮಿಷ ಕಣಿವೆಯಲ್ಲೇ ಹಾರುತ್ತಿದ್ದವು. ಆಗ ನೋಡಿದೆ. ಇಷ್ಟು ಹೊತ್ತು ನನ್ನ ಜೀವ ಬಾಯಿಗೆ ತಂದಿದ್ದ ಆ ಯಂತ್ರ ನಿಜಕ್ಕೂ ಮಾಡುತ್ತಿದ್ದದ್ದು ಏನು ಗೊತ್ತಾ? ಮಧ್ಯಾಹ್ನ ಕುರ್ಚಿಯಲ್ಲಿ ಕೂತ ಅಜ್ಜ ತೂಕಡಿಸುವ ಹಾಗೆ, ನಿಧಾನಕ್ಕೆ ಹಿಂದಕ್ಕೆ ವಾಲುವುದು, ಮುಂದಕ್ಕೆ ತಲೆ ಹಾಕುವುದು, ಒಂದು ಗೇಣು ಮೇಲೆ, ಒಂದು ಗೇಣು ಕೆಳಗೆ. ಅಷ್ಟೇ. ಪಕ್ಕದಲ್ಲಿ ಕಪ್ಪು ಬಣ್ಣ ಬಳಿದ ಪ್ಲೈವುಡ್ ಗೋಡೆ, ಮೂಲೆಯಲ್ಲಿ ಒಂದು ಪೊರಕೆ.

"ಮಾಮ, ಇದು ಇಷ್ಟೇನಾ?" ಅಂದಳು ಅವಳು. ನನಗೂ ಅದೇ ಪ್ರಶ್ನೆ. ಜೊತೆಗೆ ಹೊಟ್ಟೆ ತೊಳೆಸುತ್ತಿತ್ತು ಬೇರೆ.

ಅವತ್ತಿನಿಂದ ಈ ರೈಡುಗಳ ಬಗ್ಗೆ ಸಿಕ್ಕಿದ್ದೆಲ್ಲ ಓದುವ ಚಟ ಹತ್ತಿದೆ. ಕಲೆ, ವಿಜ್ಞಾನ, ತಂತ್ರಜ್ಞಾನ ಮೂರೂ ಸೇರಿ ಥೀಮ್ ಪಾರ್ಕ್ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಸರಿ. ಆದರೆ ಮೂರೂ ಸೇರಿ ಏನು ಮಾಡುತ್ತವೆ ಅಂತ ಕೇಳಿದರೆ ನನ್ನ ಉತ್ತರ ಒಂದೇ. ನಮ್ಮ ಕಣ್ಣು ಮತ್ತು ಒಳಗಿವಿ, ಈ ಎರಡು ಸಾಕ್ಷಿಗಳೂ ಒಂದೇ ಸುಳ್ಳನ್ನು ಒಂದೇ ಹೊತ್ತಿಗೆ ಹೇಳುವ ಹಾಗೆ ಮಾಡುತ್ತವೆ. ಒಬ್ಬ ಸಾಕ್ಷಿ ಮಾತ್ರ ಸುಳ್ಳು ಹೇಳಿದರೆ ಮಿದುಳಿಗೆ ಗೊಂದಲ. ಇಬ್ಬರೂ ಕೂಡಿಕೊಂಡರೆ ಅದಕ್ಕೆ ಬೇರೆ ದಾರಿಯೇ ಇಲ್ಲ.

ಮೊದಲು ಕಿವಿಯ ವಿಷಯ. ಕೇಳಿಸಿಕೊಳ್ಳುವ ಕೆಲಸದ ಜೊತೆಗೆ ಇದಕ್ಕೆ ಇನ್ನೊಂದು ಕೆಲಸ ಇದೆ, ಸಮತೋಲ ಕಾಯುವುದು. ಒಳಗಿವಿಯಲ್ಲಿ ಅರ್ಧವೃತ್ತದ ಮೂರು ಪುಟ್ಟ ಕೊಳವೆಗಳಿವೆ, ಒಳಗೆ ದ್ರವ. ತಲೆ ತಿರುಗಿಸಿದರೆ ಕೊಳವೆ ತಿರುಗುತ್ತದೆ, ದ್ರವ ಸ್ವಲ್ಪ ಹಿಂದೆ ಉಳಿಯುತ್ತದೆ, ಅದರಿಂದ ತಿರುಗಿದ್ದು ಗೊತ್ತಾಗುತ್ತದೆ. ಅದರ ಪಕ್ಕದಲ್ಲೇ ಅಂಟಿನಂಥ ಒಂದು ಪದರದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಸಣ್ಣ ಹರಳುಗಳು ಕೂತಿವೆ. ತಲೆ ಹಿಂದಕ್ಕೆ ವಾಲಿದರೆ ಹರಳು ಹಿಂದಕ್ಕೆ ಜಾರುತ್ತವೆ. ಬಸ್ಸು ತಟ್ಟನೆ ಮುಂದಕ್ಕೆ ನುಗ್ಗಿದರೂ ಹಿಂದಕ್ಕೇ ಜಾರುತ್ತವೆ. ಎರಡೂ ಬೇರೆ ಬೇರೆ ಸಂಗತಿ ಅಲ್ವಾ? ಹರಳಿಗೆ ಮಾತ್ರ ಎರಡೂ ಒಂದೇ. ಗುರುತ್ವವನ್ನೂ ವೇಗ ಹೆಚ್ಚುವುದನ್ನೂ ಬೇರೆ ಮಾಡಿ ಹೇಳಲಾಗದು ಅಂತ 1907ರಲ್ಲಿ ಐನ್‌ಸ್ಟೈನ್‌ಗೆ ಹೊಳೆದದ್ದು ಇಲ್ಲಿ ನಮ್ಮ ಕಿವಿಯೊಳಗೇ ನಡೆಯುತ್ತಿದೆ.

ಈ ಗೊಂದಲವೇ ಸಿಮ್ಯುಲೇಟರಿನ ಬಂಡವಾಳ. ಪರದೆಯಲ್ಲಿ ವಿಮಾನ ವೇಗ ಪಡೆಯುತ್ತಿದ್ದ ಹಾಗೆ ಸೀಟನ್ನು ಮೆಲ್ಲಗೆ ಹಿಂದಕ್ಕೆ ವಾಲಿಸುತ್ತಾರೆ. 30 ಡಿಗ್ರಿ ವಾಲಿಸಿದರೆ ನಿಮ್ಮ ತೂಕದ ಅರ್ಧದಷ್ಟು ಬಲ ಬೆನ್ನನ್ನು ಸೀಟಿಗೆ ಒತ್ತುತ್ತದೆ. ಕಣ್ಣಿಗೆ ಕೋಣೆಯ ನೆಲ ಕಾಣುತ್ತಿಲ್ಲ, ಮುಂದೆ ನುಗ್ಗುವ ಕಣಿವೆ ಮಾತ್ರ ಕಾಣುತ್ತಿದೆ, ಹಾಗಾಗಿ ಮಿದುಳು ಅದನ್ನು ವೇಗ ಅಂತಲೇ ಲೆಕ್ಕ ಹಾಕುತ್ತದೆ. ವಾಲಿಸುವುದನ್ನು ಸೆಕೆಂಡಿಗೆ ಎರಡು ಮೂರು ಡಿಗ್ರಿಗಿಂತ ಜಾಸ್ತಿ ಮಾಡಬಾರದು, ಮಾಡಿದರೆ ಆ ಮೂರು ಕೊಳವೆಗಳು ಕಳ್ಳನನ್ನು ಹಿಡಿದುಬಿಡುತ್ತವೆ. ಅದಕ್ಕೇ ಆ ಅಜ್ಜನ ತೂಕಡಿಕೆ. ನಿಧಾನಕ್ಕೆ, ಯಾರಿಗೂ ಗೊತ್ತಾಗದ ಹಾಗೆ.

ಈ ಯಂತ್ರದ ಜಾತಕವೂ ಮಜವಾಗಿದೆ. ಆರು ಕಾಲಿನ, ಪ್ರತಿ ಕಾಲೂ ಉದ್ದ ಗಿಡ್ಡ ಆಗಬಲ್ಲ ಈ ಥರದ ವೇದಿಕೆಯನ್ನು 1950ರ ದಶಕದಲ್ಲಿ ಎರಿಕ್ ಗಾಫ್ ಅನ್ನುವ ಎಂಜಿನಿಯರ್ ಮಾಡಿದ್ದು ಟೈರ್ ಪರೀಕ್ಷೆಗೆ. 1965ರಲ್ಲಿ ಸ್ಟೀವರ್ಟ್ ಅನ್ನುವವರು ಇಂಥದೇ ವೇದಿಕೆಯ ಬಗ್ಗೆ ಬರೆದರು, ಅವರ ತಲೆಯಲ್ಲಿದ್ದದ್ದು ಪೈಲಟ್‌ಗಳ ತರಬೇತಿ. 1987ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಸ್ಟಾರ್ ಟೂರ್ಸ್ ಅನ್ನುವ ಸಿಮ್ಯುಲೇಟರ್ ರೈಡ್ ಶುರುವಾದಾಗ ಜನ ಕೂತದ್ದು ಆ ತರಬೇತಿ ಯಂತ್ರದ ನೆಂಟನ ಮೇಲೇ. ಪೈಲಟ್ಟಿಗೆ ಅಪಾಯ ಎದುರಿಸುವುದನ್ನು ಕಲಿಸಲು ಕಟ್ಟಿದ ಯಂತ್ರ, ದುಡ್ಡು ಕೊಟ್ಟು ಅಪಾಯ ಸವಿಯುವವರ ಕೈಗೆ ಬಂತು.

ಹಾಗಾದರೆ ನನ್ನ ಹೊಟ್ಟೆ ಯಾಕೆ ತೊಳೆಸಿತು? ಕಣ್ಣೂ ಕಿವಿಯೂ ಹೇಳಿದ್ದು ತಾಳೆಯಾಗದಿದ್ದರೆ ಹೀಗಾಗುತ್ತದೆ. 1977ರಲ್ಲಿ ಮಿಶೆಲ್ ಟ್ರೈಸ್‌ಮನ್ ಅನ್ನುವ ಮನಃಶಾಸ್ತ್ರಜ್ಞರು ಇದಕ್ಕೆ ಒಂದು ವಿವರಣೆ ಮುಂದಿಟ್ಟರು. ವಿಷ ತಿಂದಾಗಲೂ ಇಂಥದೇ ಗೊಂದಲ ಆಗುತ್ತದೆ, ಅದಕ್ಕೆ ದೇಹ ಎದ್ದುಬಿದ್ದು ಹೊಟ್ಟೆಯಲ್ಲಿದ್ದದ್ದನ್ನು ಹೊರಗೆ ಹಾಕಲು ನೋಡುತ್ತದೆ ಅಂತ. ನಿಜವೋ ಸುಳ್ಳೋ, ಇದು ಊಹೆಯೇ. ಆದರೆ ಪರದೆ ಆರಿ ಸೀಟು ಮಾತ್ರ ಆಡುತ್ತಿದ್ದ ಆ ಅರ್ಧ ನಿಮಿಷದಲ್ಲಿ ನನಗೆ ಆದದ್ದು ನೋಡಿದರೆ ಊಹೆಗೆ ಒಂದು ವೋಟು ಹಾಕಬಹುದು. ಚಿತ್ರ ಮತ್ತು ಚಲನೆಯ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗ ವ್ಯತ್ಯಾಸ ಬಂದರೂ ಸಾಕು, ಮಜಾ ಹೋಗಿ ಸಂಕಟ ಶುರು. ಕೆಲವು ವರ್ಷಗಳ ಹಿಂದೆ ರೋಲರ್ ಕೋಸ್ಟರ್‌ಗಳಲ್ಲಿ ವಿಆರ್ ಕನ್ನಡಕ, ಅಂದರೆ ಕಣ್ಣೆದುರಿಗೆ ಬೇರೆಯೇ ಲೋಕ ತೋರಿಸುವ ಕನ್ನಡಕ, ಹಾಕಿಸುವ ಹುಚ್ಚು ಬಂದು ಹೋಯಿತಲ್ಲ, ಅದರಲ್ಲೂ ದೊಡ್ಡ ತಲೆನೋವು ಈ ತಾಳೆಯದೇ. ಪ್ರತಿಯೊಬ್ಬರ ಕನ್ನಡಕ ಒರೆಸಿ ಕಟ್ಟುವಷ್ಟರಲ್ಲಿ ಕ್ಯೂ ಬೆಳೆಯುತ್ತಿದ್ದದ್ದು ಇನ್ನೊಂದು.

ಈಗ ಇದಕ್ಕಿಂತ ಹಳೆಯ, ಇದಕ್ಕಿಂತ ಎಷ್ಟೋ ಸರಳವಾದ ಒಂದು ಕಥೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

1894ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ 'ಹಾಂಟೆಡ್ ಸ್ವಿಂಗ್' ಅಂತ ಒಂದು ಉಯ್ಯಾಲೆ. ಒಂದು ಕೋಣೆ, ಕೋಣೆಯ ಅಡ್ಡಕ್ಕೆ ಮೇಲೊಂದು ಕಬ್ಬಿಣದ ತೊಲೆ, ಅದರಿಂದ ಇಳಿಬಿದ್ದ ದೊಡ್ಡ ಉಯ್ಯಾಲೆ. ಜನ ಹತ್ತಿ ಕೂರುತ್ತಾರೆ, ಬಾಗಿಲು ಮುಚ್ಚುತ್ತದೆ, ಉಯ್ಯಾಲೆ ತೂಗಲು ಶುರು. ಜೋರಾಗುತ್ತದೆ, ಇನ್ನೂ ಜೋರಾಗುತ್ತದೆ, ಕೊನೆಗೆ ಒಂದು ಪೂರ್ತಿ ಸುತ್ತು ಹೊಡೆದುಬಿಡುತ್ತದೆ. ಜನ ತಲೆಕೆಳಗಾದೆವು ಅಂತ ಚೀರುತ್ತಾರೆ. ನಿಜದಲ್ಲಿ ಉಯ್ಯಾಲೆ ಹೆಚ್ಚುಕಮ್ಮಿ ನಿಂತಲ್ಲೇ ನಿಂತಿರುತ್ತದೆ. ತಿರುಗುವುದು ಕೋಣೆ! ಹೊರಗಿನಿಂದ ಆಳುಗಳು ಇಡೀ ಕೋಣೆಯನ್ನು ಡಬ್ಬಿಯ ಹಾಗೆ ಉರುಳಿಸುತ್ತಿರುತ್ತಾರೆ.

ಇದರಲ್ಲಿ ತಂತ್ರಜ್ಞಾನ ಅಂದರೆ ಒಂದು ತೊಲೆ, ಒಂದು ಪೆಟ್ಟಿಗೆ, ಒಂದಿಷ್ಟು ತೋಳ್ಬಲ. ನಂಬಿಸುವ ಕೆಲಸ ಪೂರ್ತಿ ಒಳಗಿನ ಅಲಂಕಾರದ್ದು. ಮೇಜು, ಕುರ್ಚಿ, ಪಟ ಎಲ್ಲವನ್ನೂ ಗಟ್ಟಿಯಾಗಿ ಜಡಿದಿದ್ದರು. ಮೇಜಿನ ಮೇಲೆ ಒಂದು ಸೀಮೆಎಣ್ಣೆ ದೀಪ, ಗಾಜಿನ ಚಿಮಣಿ ಇನ್ನೇನು ಬೀಳುತ್ತದೆ ಅನ್ನುವ ಹಾಗೆ. ನೋಡಿದವರ ಎದೆ ಧಸಕ್ಕೆನ್ನಬೇಕು. ಆದರೆ ಅದು ಸೀಮೆಎಣ್ಣೆ ದೀಪವೇ ಅಲ್ಲ, ಚಿಮಣಿಯೊಳಗೆ ಸಣ್ಣ ಎಲೆಕ್ಟ್ರಿಕ್ ಬಲ್ಬು! ತಲೆಕೆಳಗಾದರೂ ಎಣ್ಣೆ ಚೆಲ್ಲುವ ಪ್ರಶ್ನೆಯೇ ಇಲ್ಲ. ಆ ಕಾಲಕ್ಕೆ ಬಲ್ಬು ಅಂದರೇ ಹೊಸ ಅಚ್ಚರಿ. ಬೇರೆ ಯಾರಾದರೂ ಆಗಿದ್ದರೆ ಅದನ್ನೇ ಎದುರಿಗಿಟ್ಟು ಮೆರೆಸುತ್ತಿದ್ದರು, ಇವರು ಹಳೇ ದೀಪದ ವೇಷ ಹಾಕಿ ಬಚ್ಚಿಟ್ಟರು. ಆ ದೀಪಕ್ಕೆ ತಲೆ ಓಡಿಸಿದ ಪುಣ್ಯಾತ್ಮನಿಗೆ ನನ್ನದೊಂದು ನಮಸ್ಕಾರ.

ಆಮೇಲೆ ದೊಡ್ಡ ಭೌತವಿಜ್ಞಾನಿ ಅಂತ ಹೆಸರಾದ ಆರ್. ಡಬ್ಲ್ಯೂ. ವುಡ್ ಇದರ ಬಗ್ಗೆ 1895ರಲ್ಲಿ ಒಂದು ಮನಃಶಾಸ್ತ್ರದ ಪತ್ರಿಕೆಗೆ ಬರೆದರು. ಎಷ್ಟೋ ಜನ ತಲೆಸುತ್ತಿ, ವಾಕರಿಕೆ ಬಂದು ಕಟ್ಟಡದಿಂದ ಹೊರಗೆ ನಡೆಯಲೂ ಕಷ್ಟಪಟ್ಟರಂತೆ. ಕದಲದೆ ಕೂತವರಿಗೆ! ಅಂದರೆ ಇಲ್ಲಿ ಕಣ್ಣೊಂದೇ ಸುಳ್ಳು ಹೇಳಿದ್ದು, ಕಿವಿ ಪಾಪ ನಿಜವನ್ನೇ ಹೇಳುತ್ತಿತ್ತು. ಜಗಳ ಹತ್ತಿಕೊಂಡು ಹೊಟ್ಟೆ ಅನುಭವಿಸಿತು. ನೂರು ವರ್ಷ ಕಳೆದ ಮೇಲೆ, 1996ರಲ್ಲಿ, ನೆದರ್ಲೆಂಡ್ಸಿನ ಎಫ್ಟೆಲಿಂಗ್ ಪಾರ್ಕು ವಿಲ್ಲಾ ವೋಲ್ಟಾ ಅಂತ ಇದೇ ಉಪಾಯದ ರೈಡ್ ತೆರೆಯಿತು. ಬದಲಾವಣೆ ಸಣ್ಣದು, ಆದರೆ ಸರಿಯಾದ ಜಾಗಕ್ಕೆ ಬಿದ್ದದ್ದು. ಕೋಣೆಯ ಜೊತೆಗೆ ಜನ ಕೂತ ಬೆಂಚುಗಳೂ ಸ್ವಲ್ಪ ತೂಗುತ್ತವೆ. ಕಿವಿಗೂ ಒಂಚೂರು ಲಂಚ ಕೊಟ್ಟ ಹಾಗೆ.

ಕಣ್ಣನ್ನು ಮಾತ್ರ ಮೋಸ ಮಾಡುವ ಕಸುಬು ಇನ್ನೂ ಹಳೆಯದು, ನಾಟಕದವರದ್ದು. 1862ರ ಕೊನೆಯಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ರಂಗದ ಮೇಲೆ ದೊಡ್ಡ ಗಾಜೊಂದನ್ನು ಓರೆಯಾಗಿ ನಿಲ್ಲಿಸಿ, ಕೆಳಗೆ ಮರೆಯಲ್ಲಿದ್ದ ನಟನ ಮೇಲೆ ಬೆಳಕು ಬಿಟ್ಟು, ಅವನ ಪ್ರತಿಬಿಂಬವನ್ನು ದೆವ್ವವಾಗಿ ಕುಣಿಸಿದರು. ಮೂಲ ಉಪಾಯ ಹೆನ್ರಿ ಡರ್ಕ್ಸ್ ಅನ್ನುವವರದ್ದು, ಹೆಸರು ಉಳಿದದ್ದು ಪೆಪ್ಪರ್ ಅವರದು. ಎಲ್ಲ ಕಾಲದಲ್ಲೂ ನಡೆಯುವುದೇ ಅಲ್ವಾ. 1969ರಲ್ಲಿ ಡಿಸ್ನಿಲ್ಯಾಂಡಿನ ಹಾಂಟೆಡ್ ಮ್ಯಾನ್ಷನ್ ಅನ್ನುವ ದೆವ್ವದ ಮನೆ ಬಾಗಿಲು ತೆರೆದಾಗ ಅದರ ಔತಣದ ಹಾಲ್‌ನಲ್ಲಿ ಕುಣಿದದ್ದು ಈ ನೂರು ವರ್ಷ ಹಳೆಯ ದೆವ್ವವೇ, ಗಾಜು ಮಾತ್ರ ಭಾರೀ ದೊಡ್ಡದು.

ಆ ಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ದೆವ್ವ ಅಲ್ಲ, ಲಿಫ್ಟು. ಪಾರ್ಕಿನ ಸುತ್ತ ರೈಲು ಹಳಿ ಇದೆ. ರೈಡಿನ ದೊಡ್ಡ ಕಟ್ಟಡಕ್ಕೆ ಒಳಗೆ ಜಾಗ ಇಲ್ಲ, ಹಳಿಯ ಆಚೆಗೇ ಕಟ್ಟಬೇಕು. ಜನರನ್ನು ಹಳಿ ದಾಟಿಸುವುದು ಹೇಗೆ? ಕೆಳಗಿಂದ. ಕೆಳಗೆ ಇಳಿಸುವುದು ಹೇಗೆ? ಲಿಫ್ಟಿನಲ್ಲಿ. ಇಷ್ಟಾದರೆ ಎಂಜಿನಿಯರ್ ಕೆಲಸ ಮುಗಿಯಿತು. ಆದರೆ ಅಲ್ಲಿಯವರು ಲಿಫ್ಟಿಗೆ ಚಾವಣಿ ಹಾಕಲಿಲ್ಲ. ನೆಲ ಮಾತ್ರ ಕೆಳಗಿಳಿಯುತ್ತದೆ, ಮೇಲೆ ಗೋಡೆ ಉದ್ದವಾಗುತ್ತಾ ಹೋಗುತ್ತದೆ. ಗೋಡೆಯ ಪಟಗಳೂ ಉದ್ದವಾಗುತ್ತವೆ, ಸೊಂಟದವರೆಗೆ ಮಾತ್ರ ಕಾಣುತ್ತಿದ್ದ ಗಂಭೀರ ಮನುಷ್ಯನ ಕಾಲಡಿಯಲ್ಲಿ ಏನಿದೆ ಅನ್ನುವುದು ಈಗ ಕಾಣಿಸುತ್ತದೆ. ಜನರಿಗೆ ತಾವು ಇಳಿಯುತ್ತಿದ್ದೇವೆ ಅನ್ನುವುದಕ್ಕಿಂತ ಕೋಣೆ ಹಿಗ್ಗುತ್ತಿದೆ ಅನ್ನಿಸುತ್ತದೆ. ಲಿಫ್ಟು ನಿಧಾನ, ಕಿವಿ ಸುಮ್ನೆ ಇರುತ್ತದೆ. ಫ್ಲಾರಿಡಾದಲ್ಲಿ ಇದೇ ಮನೆಯನ್ನು ಮತ್ತೆ ಕಟ್ಟುವಾಗ ಹಳಿ ದಾಟಿಸುವ ಗೋಜು ಇರಲಿಲ್ಲ, ಲಿಫ್ಟು ಬೇಕಾಗಿಯೇ ಇರಲಿಲ್ಲ. ಆದರೂ ಆ ಕೋಣೆಯನ್ನು ಬಿಡಲಾಗಲಿಲ್ಲ. ಅಲ್ಲಿ ನೆಲ ನಿಂತಿರುತ್ತದೆ, ಚಾವಣಿ ಮೇಲಕ್ಕೆ ಹೋಗುತ್ತದೆ! ಎರಡೂ ಕಡೆ ನಿಂತವರನ್ನು ಕೇಳಿದರೆ ಒಂದೇ ಉತ್ತರ ಕೊಡುತ್ತಾರೆ.

ಅದೇ ಮನೆಯ ಗೋಡೆಯಲ್ಲಿ ಎರಡು ಕಲ್ಲಿನ ತಲೆಗಳಿವೆ, ನೀವು ಎತ್ತ ನಡೆದರೂ ಅತ್ತಲೇ ಮುಖ ತಿರುಗಿಸಿ ನೋಡುತ್ತವೆ. ಒಳಗೆ ಮೋಟಾರೂ ಇಲ್ಲ, ಮಣ್ಣೂ ಇಲ್ಲ. ಅವು ಉಬ್ಬು ಮುಖಗಳೇ ಅಲ್ಲ, ಅಚ್ಚಿನ ಒಳಭಾಗದ ಹಾಗೆ ತಗ್ಗಾದ ಮುಖಗಳು. ಮುಖ ಅಂದರೆ ಉಬ್ಬಿಯೇ ಇರಬೇಕು ಅಂತ ಮಿದುಳು ಹಟ ಹಿಡಿಯುತ್ತದೆ, ಆ ಹಟದ ಲೆಕ್ಕ ಸರಿಹೊಂದಬೇಕಾದರೆ ಮುಖ ತಿರುಗಲೇಬೇಕು. ಒಂದು ಪ್ಲಾಸ್ಟಿಕ್ ಮುಖವಾಡ ತಗೊಂಡು ಅದರ ಹಿಂಬದಿಯನ್ನು ನಿಮ್ಮ ಕಡೆ ಇಟ್ಟು, ಒಂದು ಕಣ್ಣು ಮುಚ್ಚಿ, ಎಡಕ್ಕೂ ಬಲಕ್ಕೂ ತೂಗಿ ನೋಡಿ. ನಾನು ಗೋಡೆಗೆ ಆನಿಸಿಟ್ಟು ನೋಡಿದೆ, ಮನೆಯಲ್ಲಿ ಒಬ್ಬನೇ ಇದ್ದಾಗ. ಎರಡನೇ ಸಲ ನೋಡಲಿಲ್ಲ.

ರೋಲರ್ ಕೋಸ್ಟರ್ ಬೇರೆ ಅನ್ನಬಹುದು ನೀವು. ಅಲ್ಲಿ ಸುಳ್ಳೆಲ್ಲಿ, ನಿಜಕ್ಕೂ ಬೀಳುತ್ತೀವಲ್ಲ ಅಂತ. ಸರಿಯೇ. ಆದರೆ ಅಲ್ಲೂ ಶುರುವಾತಿನಿಂದ ಚಿತ್ರ ಬಿಡಿಸುವವರು ಜೊತೆಗಿದ್ದರು. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ಓಡಿಸಿದ ಮೊದಲ ಬೋಗಿ ಸೈಕಲ್ಲಿಗಿಂತ ಜೋರೇನೂ ಇರಲಿಲ್ಲ, ಗಂಟೆಗೆ 10 ಕಿಲೋಮೀಟರ್ ಅಷ್ಟೇ. ಮುಂದೆ ಅವರು ಹಳಿಗಳನ್ನು ಕತ್ತಲೆ ಸುರಂಗಗಳೊಳಗೆ ನುಗ್ಗಿಸಿ, ಗೋಡೆಗಳ ಮೇಲೆ ದೃಶ್ಯಗಳನ್ನು ಬರೆಸಿ, ಬೋಗಿ ಹತ್ತಿರ ಬರುವಾಗ ದೀಪ ಹತ್ತಿಕೊಳ್ಳುವ ಹಾಗೆ ಮಾಡಿದರು. ಫ್ಲಾರಿಡಾದ ಸ್ಪೇಸ್ ಮೌಂಟನ್ ಅನ್ನುವ ಕೋಸ್ಟರ್ 1975ರದ್ದು, ವೇಗ ಗಂಟೆಗೆ ಸುಮಾರು 45 ಕಿಲೋಮೀಟರ್, ರಸ್ತೆಯಲ್ಲಿ ಸ್ಕೂಟರ್ ಹೋಗುವಷ್ಟು. ಕತ್ತಲೆಯಲ್ಲಿ, ನಕ್ಷತ್ರಗಳ ನಡುವೆ, ಮುಂದಿನ ತಿರುವು ಎಲ್ಲಿದೆ ಅಂತ ಗೊತ್ತಿಲ್ಲದೆ ಕೂತಾಗ ಅದೇ 45 ರಾಕೆಟ್ಟಾಗುತ್ತದೆ.

ಇನ್ನು ಆ ಲೂಪು, ತಲೆಕೆಳಗಾಗಿ ಸುತ್ತುವುದು. 1895ರಲ್ಲಿ ಕೋನಿ ಐಲೆಂಡಿನಲ್ಲಿ ಫ್ಲಿಪ್ ಫ್ಲ್ಯಾಪ್ ಅಂತ ಒಂದಿತ್ತು, ಅಚ್ಚುಕಟ್ಟಾದ ವೃತ್ತ. ಜನರ ಕತ್ತು ಉಳುಕುತ್ತಿತ್ತು. ಶಾಲೆಯ ಭೌತವಿಜ್ಞಾನದಲ್ಲೇ ಇದರ ಲೆಕ್ಕ ಇದೆ. ಪೂರ್ತಿ ವೃತ್ತದ ಲೂಪಿನಲ್ಲಿ ಬೋಗಿ ಮೇಲಿಂದ ಬೀಳದೆ ಸುತ್ತು ಮುಗಿಸಬೇಕಾದರೆ ಕೆಳಗೆ ಅದಕ್ಕೆ ಎಷ್ಟು ವೇಗ ಬೇಕು ಅಂದರೆ, ಅಲ್ಲಿ ಕೂತವನಿಗೆ ತನ್ನ ತೂಕ ಕನಿಷ್ಠ ಆರು ಪಟ್ಟು ಆದ ಹಾಗೆ ಅನಿಸುತ್ತದೆ. ವೃತ್ತ ದೊಡ್ಡದು ಮಾಡಿದರೂ ಆರೇ, ಚಿಕ್ಕದು ಮಾಡಿದರೂ ಆರೇ. ಎಂಥ ಹಟಮಾರಿ ಸಂಖ್ಯೆ ನೋಡಿ. ಅದೂ ಸಪಾಟು ಹಳಿಯಿಂದ ವೃತ್ತಕ್ಕೆ ಕಾಲಿಟ್ಟ ಕ್ಷಣದಲ್ಲೇ, ದೊಣ್ಣೆ ಏಟಿನ ಹಾಗೆ ಬೀಳುತ್ತದೆ.

ಅಳತೆ ಬದಲಿಸಿ ಉಪಯೋಗ ಇಲ್ಲ ಅಂದಮೇಲೆ ಆಕಾರವನ್ನೇ ಬದಲಿಸಬೇಕಾಯಿತು. ಅಂಥ ಲೂಪು ಚೆನ್ನಾಗಿ ನೆಲೆಯೂರಿದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನ ರೆವಲ್ಯೂಷನ್ ಅನ್ನುವ ಕೋಸ್ಟರಿನಲ್ಲಿ. ಕಟ್ಟಿದವರು ಜರ್ಮನಿಯ ಆಂಟನ್ ಶ್ವಾರ್ಜ್‌ಕಾಫ್, ಲೆಕ್ಕ ವೆರ್ನರ್ ಸ್ಟೆಂಗೆಲ್ ಅವರದು. ಕೆಳಗೆ ಅಗಲವಾದ ಬಾಗು, ಮೇಲೆ ಹೋಗುತ್ತಾ ಬಿಗಿಯಾದ ಬಾಗು, ನೀರಿನ ಹನಿಯನ್ನು ತಲೆಕೆಳಗೆ ಮಾಡಿ ನಿಲ್ಲಿಸಿದ ಆಕಾರ. ವೇಗ ಜಾಸ್ತಿ ಇರುವ ಕಡೆ ಸುತ್ತು ದೊಡ್ಡದು, ವೇಗ ಕಮ್ಮಿಯಾದ ಕಡೆ ಸಣ್ಣದು, ಭಾರ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ದೂರದಿಂದ ನೋಡಲೂ ವೃತ್ತಕ್ಕಿಂತ ಈ ಹನಿಯೇ ಚೆಂದ. ಇದನ್ನು ಗಣಿತ ಅನ್ನುತ್ತೀರೋ ಶಿಲ್ಪ ಅನ್ನುತ್ತೀರೋ, ನಿಮಗೆ ಬಿಟ್ಟಿದ್ದು. ತಿರುಚುವ ಕಡೆಗಳಲ್ಲಿ ಹಳಿಯ ಸುತ್ತ ಮನುಷ್ಯನನ್ನು ತಿರುಗಿಸದೆ, ಮನುಷ್ಯನ ಎದೆಯ ಸುತ್ತ ಹಳಿಯನ್ನು ತಿರುಗಿಸುವ ಉಪಾಯಕ್ಕೂ ಸ್ಟೆಂಗೆಲ್ ಹೆಸರೇ ಅಂಟಿಕೊಂಡಿದೆ. ಇದನ್ನು ಓದಿ ನಾನು ಒಂದು ನಿಮಿಷ ಸುಮ್ಮನೆ ಕೂತಿದ್ದೆ. ಆ ಉಕ್ಕಿನ ಹಾವು ಅಷ್ಟೆಲ್ಲ ಒದ್ದಾಡುವುದು ನನ್ನ ಎದೆ ಒಂದು ನೇರ ಗೆರೆಯಲ್ಲಿ ಹೋಗಲಿ ಅಂತ.

ಎತ್ತರಕ್ಕೆ ಏರುವಾಗ ಕಟ ಕಟ ಕಟ ಅಂತ ಸದ್ದು ಬರುತ್ತದಲ್ಲ, ಹೊಟ್ಟೆಯಲ್ಲಿ ಚಿಟ್ಟೆ ಬಿಡುವ ಆ ಸದ್ದು, ಅದು ಮಾತ್ರ ಪಕ್ಕಾ ನಿಜ. ಬೋಗಿಯ ಕೆಳಗಿನ ಕಬ್ಬಿಣದ ಕೊಕ್ಕೆ ಹಲ್ಲುಹಲ್ಲಾದ ಪಟ್ಟಿಯ ಮೇಲೆ ಒಂದೊಂದೇ ಹಲ್ಲಿಗೆ ಬೀಳುವ ಸದ್ದದು. ಸರಪಳಿ ಕಡಿದರೂ ಬೋಗಿ ಹಿಂದಕ್ಕೆ ಜಾರಬಾರದು ಅಂತ. ನಮ್ಮನ್ನು ಕಾಯುವ ಸದ್ದು ಅದು, ನಾವೆಲ್ಲ ಹೆದರುವುದು ಅದಕ್ಕೇ. ಕೊನೆಯಲ್ಲಿ ಬೋಗಿಯ ವೇಗ ತಗ್ಗುವುದು ಈಗ ಎಷ್ಟೋ ಕಡೆ ಆಯಸ್ಕಾಂತದಿಂದ. ಸಾಲು ಆಯಸ್ಕಾಂತಗಳ ನಡುವೆ ತಾಮ್ರದ್ದೋ ಅಲ್ಯೂಮಿನಿಯಮ್ಮಿನದ್ದೋ ಹಾಳೆ ಹಾದುಹೋದರೆ ಅದರಲ್ಲಿ ವಿದ್ಯುತ್ತು ಹುಟ್ಟಿ, ಆ ವಿದ್ಯುತ್ತು ಚಲನೆಯನ್ನೇ ತಡೆಯುತ್ತದೆ. ಕರೆಂಟು ಹೋದರೂ ಕೆಲಸ ಮಾಡುತ್ತದೆ, ಒಂದಕ್ಕೊಂದು ತಾಗುವುದೇ ಇಲ್ಲ. ಇಂಥವನ್ನು ಯಾರೂ ಅಲಂಕರಿಸುವುದಿಲ್ಲ, ಪೋಸ್ಟರಿನಲ್ಲಿ ಹಾಕುವುದಿಲ್ಲ.

ಅವತ್ತು ಒಂದು ಗಂಟೆ ಬಿಟ್ಟು ಆ ಸಿಮ್ಯುಲೇಟರ್ ರಿಪೇರಿ ಆಯಿತು. ಗುಟ್ಟು ಗೊತ್ತಾಗಿದೆಯಲ್ಲ, ಇನ್ನೇನು ಭಯ ಅಂತ ಮತ್ತೆ ಹತ್ತಿದೆವು. ಅವಳು ಒಂದು ಪರೀಕ್ಷೆ ಹೂಡಿದಳು. "ಮಾಮ, ಮೊದಲು ಕಣ್ಣು ಮುಚ್ಕೋ" ಅಂದಳು. ಮುಚ್ಚಿಕೊಂಡೆ. ಏನೂ ಇಲ್ಲ, ಅಜ್ಜ ತೂಕಡಿಸುತ್ತಿದ್ದಾನೆ, ಹಿಂದಕ್ಕೆ, ಮುಂದಕ್ಕೆ. ಸ್ವಲ್ಪ ನಿದ್ದೆ ಬರುವ ಹಾಗೂ ಆಯಿತು. "ಈಗ ಬಿಡು" ಅಂದಳು. ಬಿಟ್ಟೆ. ಎದುರಿಗೆ ಜಲಪಾತದ ತುದಿ.

ಕೆಳಗೆ ಇಳಿದು ಚಪ್ಪಲಿ ಹಾಕಿಕೊಳ್ಳುವಾಗ ಅವಳು ಮುಂಗೈ ತೋರಿಸಿದಳು. ನನ್ನ ನಾಲ್ಕು ಉಗುರಿನ ಗುರುತು. "ಒಂದು ಗೇಣು ಮಾಮ, ಬರೀ ಒಂದು ಗೇಣು" ಅಂದಳು.